ಎರಕದ ನಾಣ್ಯವೆಲ್ಲ ಖೋಟಾ ನಾಣ್ಯವೆ?

ಪ್ರಾಚೀನ ನಾಣ್ಯವೊಂದು ಎರಕದಿಂದಾದುದೆಂದು ತೋರಿದೊಡನೆ ಅದನ್ನು ಖೋಟಾ ಎಂದು ತಳ್ಳಿಹಾಕುವವರು ನಾಣ್ಯಾಸಕ್ತರಲ್ಲಿ ಇದ್ದಾರೆ. ಈ ಮತವನ್ನು ಪರೀಕ್ಷಿಸಲು, ಪ್ರಾಚೀನ ಭಾರತದಲ್ಲಿ ನಾಣ್ಯಗಳನ್ನು ಎರಕಹೊಯ್ಯುತ್ತಿದ್ದ ವಿಧಾನವನ್ನು ಕುರಿತು ಬೀರಬಲ್ ಸಾಹನಿಯವರು 1945ರಲ್ಲಿ ಪ್ರಕಟಿಸಿದ ಗ್ರಂಥವು ಉತ್ತಮ ಆಧಾರವಾಗಿದೆ. ಚಿತ್ರದುರ್ಗ ಸೀಮೆಯ ನಾಣ್ಯಗಳನ್ನು ಮುಂದಿಟ್ಟುಕೊಂಡು ಆ ಗ್ರಂಥದ ಬೆಲೆಯನ್ನೂ ಮಿತಿಯನ್ನೂ ವಿಚಾರಿಸುವುದು ನಮ್ಮ ಉದ್ದೇಶ.

ಸಸ್ಯಶಾಸ್ತ್ರಜ್ಞರಾದ ಸಾಹನಿಯವರಿಗೆ 1936ರಲ್ಲಿ ರೋಹತಕದ ಖೋಖ್ರಾಕೋಟ್ ದಿಬ್ಬದಲ್ಲಿ ಯೌಧೇಯ ನಾಣ್ಯಗಳ ಮಣ್ಣಿನ ಅಚ್ಚುಗಳ ಚೂರುಗಳು ದೊರೆತವು. ಈ ಚೂರುಗಳಿಂದಲೇ ಅವರು ಇಡೀ ಕ್ರಮವನ್ನು ಪುನರ್ರಚಿಸಿದರು. ಗುಂಡನೆಯ ಮಣ್ಣಿನ ಬಿಲ್ಲೆಗಳಲ್ಲಿ ನಾಣ್ಯದ ಗುಳಿಗಳನ್ನು ಒತ್ತಿ, ಬಿಲ್ಲೆಗಳನ್ನು ಒಂದರ ಮೇಲೊಂದು ಪೇರಿಸಿ, ಸುತ್ತ ಮಣ್ಣು ಮೆತ್ತಿ, ನಡುವಣ ರಂಧ್ರದಲ್ಲಿ ಕರಗಿದ ಲೋಹವನ್ನು ಹೊಯ್ಯುತ್ತಿದ್ದರು. ಲೋಹವು ಸಣ್ಣ ಕಾಲುವೆಗಳಲ್ಲಿ ಹರಿದು ಗುಳಿಗಳನ್ನು ತುಂಬುತ್ತಿತ್ತು. ಎರಕವು ಕಮ್ಮಟದ ಸ್ವಂತ ವಿಧಾನವೂ ಆಗಿರಬಹುದೆಂಬುದನ್ನು ಇಷ್ಟು ಸ್ಪಷ್ಟವಾಗಿ ತೋರಿದುದು ಗ್ರಂಥದ ಹಿರಿಮೆ. ಆದರೆ ಅಚ್ಚು ಹೇಗೆ ಕೆಲಸಮಾಡಿತೆಂಬುದು ತಿಳಿದರೂ ಅದು ಯಾರ ಕೈಯಲ್ಲಿತ್ತೆಂಬುದು ಅದರಿಂದಲೇ ತಿಳಿಯದು. ಅರಸನ ಕಮ್ಮಟಿಗನೂ ಕಳ್ಳ ಅಕ್ಕಸಾಲಿಯೂ ಒಂದೇ ಮಣ್ಣನ್ನು ಬಳಸಬಲ್ಲರು.

ಆದುದರಿಂದ ನಾಣ್ಯದ ಜಾತಿಯನ್ನರಿತು ಪರೀಕ್ಷೆಯನ್ನು ಬದಲಿಸಬೇಕು. ಮುದ್ರಾಂಕಿತ ಬೆಳ್ಳಿನಾಣ್ಯವನ್ನು ತಗಡಿನಿಂದ ಕತ್ತರಿಸಿ, ತೂಕಕ್ಕೆ ತರಲು ಅಂಚನ್ನು ತುಸು ತೆಗೆದು, ಬೇರೆಬೇರೆ ಮುದ್ರೆಗಳನ್ನು ಒಂದೊಂದಾಗಿ ಹೊಡೆಯುತ್ತಿದ್ದರು. ಇದರ ಸಾಮಾನ್ಯ ತೂಕ 3.4 ಗ್ರಾಮಿನ ಆಸುಪಾಸು. ಐದು ಮುದ್ರೆಗಳು ಪ್ರತಿಯೊಂದರಲ್ಲೂ ಬೇರೆ ಬೇರೆ ಓರೆಯಲ್ಲಿ ಬೀಳುವುದರಿಂದ ಎಲ್ಲ ಗುರುತುಗಳೂ ಅದೇ ಸ್ಥಾನದಲ್ಲಿರುವ ಎರಡು ನಾಣ್ಯಗಳು ದೊರೆತರೆ ಎರಕದ ಪ್ರತಿಗಳೆಂದು ಸಂಶಯಿಸಬೇಕು. ಇಂಥ ನಾಣ್ಯಗಳನ್ನು ಹೊಯ್ಯುವ ಮಣ್ಣಿನ ಅಚ್ಚುಗಳು ಕೊಂಡಾಪುರದಲ್ಲಿ ದೊರೆತಿವೆ. ಪ್ರಾಚೀನರಲ್ಲಿಯೂ ಅನುಕರಣೆ ಇತ್ತೆಂಬುದನ್ನು ಮರೆಯಲಾಗದು.

ನಮ್ಮ ಸೀಮೆಯ ಸೀಸದ ನಾಣ್ಯಗಳಿಗೆ ಈ ಒರೆಗಲ್ಲು ಸಾಲದು. ರ್‍ಯಾಪ್ಸನ್ನರು 1908ರ ತಮ್ಮ ಸೂಚಿಯಲ್ಲಿ ಚಿತ್ರದುರ್ಗದಿಂದ ಬಂದ, ಒಂದು ಕಡೆ ಡುಬ್ಬದ ಗೂಳಿಯುಳ್ಳ ‘ಸದಕನ ಕಲಲಾಯ ಮಹಾರಠಿ’ಯ ನಾಣ್ಯಗಳನ್ನು ಸೇರಿಸಿದ್ದಾರೆ. ಸೀಸವು 327 ಡಿಗ್ರಿ ಸೆಲ್ಸಿಯಸ್‌ನಲ್ಲಿಯೇ ಕರಗುವುದು. ಅಡಿಗೆಯ ಒಲೆಯೇ ಅದಕ್ಕೆ ಸಾಕು. ಲೋಹ ಮೃದುವಾದುದರಿಂದ ಅಂಚು ಬೇಗ ಸವೆದು, ಮೇಲ್ಮೈ ಬಿಳುಪಾಗಿ, ಅಚ್ಚೊತ್ತಿದುದಕ್ಕೂ ಎರಕಕ್ಕೂ ಇರುವ ಭೇದವು ಮಸುಕಾಗುವುದು. ಕಣ್ಣಿನ ಮಾತ್ರದ ತೀರ್ಪು ಇಲ್ಲಿ ದುರ್ಬಲ.

ಹಾಗಾದರೆ ಬಲವಾದ ಸಾಕ್ಷಿ ಯಾವುದು? ನಾಣ್ಯವು ದೊರೆತ ನೆಲೆ. ಎಂ. ಎಚ್. ಕೃಷ್ಣರವರು 1929ರಲ್ಲಿಯೂ ಮಾರ್ಟಿಮರ್ ವೀಲರರು 1947ರಲ್ಲಿಯೂ ಚಂದ್ರವಳ್ಳಿಯನ್ನು ಅಗೆಸಿದರು. ಅಲ್ಲಿ ಸಾತವಾಹನ ಕಾಲದ ನಾಣ್ಯಗಳೂ ರೋಮಿನ ಬೆಳ್ಳಿನಾಣ್ಯಗಳೂ ದೊರೆತವು. ಪದರದಿಂದ ಬಂದ ನಾಣ್ಯಕ್ಕೆ ಅಲ್ಲಿನ ಮಡಕೆಯ ಚೂರುಗಳೇ ಸಾಕ್ಷಿಗಳು; ಸಂತೆಯಲ್ಲಿ ಕೊಂಡುದಕ್ಕೆ ಮಾರಿದವನ ಮಾತು ಮಾತ್ರ. ಆದರೂ ಪದರದ ನಾಣ್ಯ ಹೇಳುವುದು ಮಿತವಾದುದು: ಕ್ರಿ.ಶ. 14ರಿಂದ 37ರವರೆಗೆ ಆಳಿದ ಟಿಬೇರಿಯಸನ ನಾಣ್ಯವುಳ್ಳ ಪದರವು ಅವನಿಗಿಂತ ಹಿಂದಿನದಲ್ಲ. ಎಷ್ಟು ಕಾಲ ಈಚಿನದೆಂಬುದನ್ನು ನಾಣ್ಯವೊಂದೇ ಹೇಳಲಾರದು.

ಈ ವಿಚಾರವು ಪಂಡಿತರಿಗೆ ಮಾತ್ರ ಸೇರಿದುದಲ್ಲ. ಹೊಸದುರ್ಗ ತಾಲ್ಲೂಕಿನ ಮಾಡದಕೆರೆಯಂಥ ಊರಿನ ಹೊಲದಲ್ಲಿ ನೇಗಿಲಿಗೆ ಸೀಸದ ಬಿಲ್ಲೆಯೊಂದು ಸಿಕ್ಕಿತೆನ್ನೋಣ. ಅದನ್ನು ಹುಣಿಸೆಹಣ್ಣಿನಿಂದ ತಿಕ್ಕಿ ಬೆಳಗಿದರೆ ಮೇಲ್ಮೈಯ ಸಾಕ್ಷಿ ಹೋಯಿತು. ಸಿಕ್ಕ ಜಾಗವನ್ನು ಬರೆದಿಡದೆ ಕೈಬದಲಾಯಿಸಿದರೆ ನೆಲದ ಸಾಕ್ಷಿಯೂ ಹೋಯಿತು. ಆಮೇಲೆ ಯಾವ ತಜ್ಞನ ತೀರ್ಪೂ ಊಹೆಯೇ. ನಮ್ಮ ವಿದ್ಯಾರ್ಥಿಗಳು ನಾಣ್ಯವನ್ನು ತೊಳೆಯದೆ, ಹೊಲದ ಸರ್ವೆ ನಂಬರನ್ನೂ ಆಳವನ್ನೂ ಜೊತೆಯಲ್ಲಿದ್ದ ಚೂರುಗಳನ್ನೂ ಗುರುತಿಸಿ, ಜಿಲ್ಲಾಧಿಕಾರಿಗಳಿಗೂ ಪುರಾತತ್ತ್ವ ಇಲಾಖೆಗೂ ತಿಳಿಸುವಂತಾಗಬೇಕು. ಸಾಹನಿಯವರು ಒಡೆದ ಅಚ್ಚುಗಳಿಂದ ಅಷ್ಟನ್ನು ತಿಳಿದುದು ಆ ಚೂರುಗಳ ನೆಲೆ ಅವರಿಗೆ ಗೊತ್ತಿದ್ದುದರಿಂದ ಎಂಬುದನ್ನು ನೆನೆದರೆ ಸಾಕು.