ವೈದ್ಯನ ದೋಷವೂ ಕಾದಂಬರಿಯ ನ್ಯಾಯವೂ

ವೈದ್ಯವೃತ್ತಿಯಿಂದ ಕಾದಂಬರಿಗೆ ಬಂದ ಅಮೆರಿಕದ ರಾಬಿನ್ ಕುಕ್‌ನು 1990ರಲ್ಲಿ ಪ್ರಕಟಿಸಿದ ‘ಹಾರ್ಮ್‌ಫುಲ್ ಇಂಟೆಂಟ್’ ಎಂಬ ಗ್ರಂಥವು ಚಿಕಿತ್ಸಾದೋಷದ ಆಪಾದನೆಗೆ ಗುರಿಯಾದ ವೈದ್ಯನೊಬ್ಬನ ವೃತ್ತಾಂತವಾಗಿದೆ. ಬೋಸ್ಟನ್ ನಗರದ ಅರಿವಳಿಕೆಯ ವೈದ್ಯನಾದ ಜೆಫ್ರಿ ರೋಡ್ಸ್‌ನು ಪ್ರಸವಕಾಲದಲ್ಲಿ ಒಬ್ಬಾಕೆಗೆ ಬೆನ್ನಿನಲ್ಲಿ ಮದ್ದು ಕೊಡಲು ಆಕೆ ಮೃತಳಾಗುವಳು. ಪ್ರಸೂತಿಗೆ ಸಲ್ಲದ ಪ್ರತಿಶತ 0.75ರ ದ್ರಾವಣದ ಬರಿದಾದ ಸೀಸೆಯು ಅಲ್ಲಿ ದೊರೆತುದು ಅವನಿಗೆ ಮುಳುವಾಗುವುದು. ಅವನು ತಲೆಮರೆಸಿಕೊಂಡು ಶೋಧಿಸಲಾಗಿ, ಮದ್ದಿನಲ್ಲಿ ವಿಷವನ್ನು ಬೆರೆಸಿದವರು ಅನ್ಯರೆಂದೂ, ಪರಿಹಾರದ ವ್ಯಾಜ್ಯಗಳಿಂದ ಹಣ ಗಳಿಸುವ ವಕೀಲರೇ ಅದಕ್ಕೆ ಮೂಲವೆಂದೂ ತಿಳಿದುಬರುವುದು.

ಕಥೆಯ ಓಟವು ಮೆಚ್ಚತಕ್ಕುದೇ ಸರಿ. ಆದರೆ ವಿಷವು ಬಯಲಾದೊಡನೆ ವೈದ್ಯನು ಸಂಪೂರ್ಣ ನಿರ್ದೋಷಿಯಾಗುವನು. ವಿಚಾರಣೆಗೆ ಬಂದಿದ್ದ ಮುಖ್ಯ ಪ್ರಶ್ನೆಯೂ ಅದರೊಡನೆಯೇ ಅಳಿದುಹೋಗುವುದು. ದುರುದ್ದೇಶವಿಲ್ಲದ ವೈದ್ಯನೇ ತಪ್ಪಿದಲ್ಲಿ ನ್ಯಾಯವೇನು ಎಂಬುದೇ ಆ ಪ್ರಶ್ನೆ.

ಈ ದೇಶದ ಧರ್ಮಜ್ಞರು ಅದನ್ನು ಬಹು ಹಿಂದೆಯೇ ಎದುರಿಸಿದ್ದರು. 1909ರಲ್ಲಿ ಮೈಸೂರಿನಲ್ಲಿ ಆರ್. ಶಾಮಶಾಸ್ತ್ರಿಗಳು ಅಚ್ಚು ಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ಪ್ರಾಣಾಪಾಯವಿದ್ದರೂ ಅರಿಕೆಮಾಡದೆ ಚಿಕಿತ್ಸೆ ನಡೆಸಿ ರೋಗಿಯು ಸತ್ತರೆ ಪ್ರಥಮ ಸಾಹಸದಂಡವೂ, ಚಿಕಿತ್ಸೆಯ ತಪ್ಪಿನಿಂದಲೇ ಸತ್ತರೆ ಮಧ್ಯಮ ದಂಡವೂ ವಿಹಿತವಾಗಿವೆ. ಭಾರತದ ಸರ್ವೋಚ್ಚ ನ್ಯಾಯಾಲಯವು 1968ರಲ್ಲಿ, ರೋಗಿಯನ್ನು ಕೈಗೊಳ್ಳುವುದು, ಚಿಕಿತ್ಸೆಯನ್ನು ನಿರ್ಣಯಿಸುವುದು, ಅದನ್ನು ನಡೆಸುವುದು ಎಂಬೀ ಮೂರರಲ್ಲಿಯೂ ವೈದ್ಯನು ತಕ್ಕ ಎಚ್ಚರದಿಂದಿರಬೇಕೆಂದಿತು. 2005ರಲ್ಲಿ ಅದೇ ನ್ಯಾಯಾಲಯವು ಕೇವಲ ನಿರ್ಣಯದ ತಪ್ಪು ಅಪರಾಧವಲ್ಲವೆಂದೂ, ದಂಡನೆಗೆ ಘೋರವಾದ ಅಲಕ್ಷ್ಯವು ಬೇಕೆಂದೂ, ಖಾಸಗಿ ದೂರಿಗೆ ಬೇರೊಬ್ಬ ಸಮರ್ಥ ವೈದ್ಯನ ಅಭಿಪ್ರಾಯವು ಆಧಾರವಾಗಿರಬೇಕೆಂದೂ ವಿಧಿಸಿತು. ತಪ್ಪಿಗೂ ಅಲಕ್ಷ್ಯಕ್ಕೂ ನಡುವಣ ಈ ಸೂಕ್ಷ್ಮಪ್ರದೇಶವೇ ಕಾದಂಬರಿಗೆ ಯೋಗ್ಯವಾದ ಭೂಮಿ. ಕುಕ್‌ನು ಅದನ್ನು ಪ್ರವೇಶಿಸಲಿಲ್ಲ.

ವಕೀಲರನ್ನು ವೈದ್ಯರ ವೈರಿಗಳನ್ನಾಗಿ ಚಿತ್ರಿಸಿರುವುದೂ ಸುಲಭದ ಉಪಾಯವೇ. ವಿಜಯಪುರದ ಸೊಲ್ಲಾಪುರ ರಸ್ತೆಯಲ್ಲಿ ವೈದ್ಯಕೀಯ ಮಹಾವಿದ್ಯಾಲಯವನ್ನು ನಡೆಸುತ್ತಿರುವ ವಿದ್ಯಾಸಂಸ್ಥೆಯನ್ನು 1910ರಲ್ಲಿ ಸ್ಥಾಪಿಸಿದ ಫ. ಗು. ಹಳಕಟ್ಟಿಯವರು ವಕೀಲರೇ ಆಗಿದ್ದರು. ಎರಡು ವೃತ್ತಿಗಳೂ ಸಂಕಟದಲ್ಲಿರುವ ಮನುಷ್ಯನ ನಂಬಿಕೆಯಿಂದಲೇ ಬಾಳುವುವು. ಆ ನಂಬಿಕೆಯು ಮುರಿದಾಗ ಎರಡೂ ಉತ್ತರ ಕೊಡಬೇಕಾಗುವುದು.

ಮದ್ದಿನಲ್ಲಿ ವಿಷವಿಲ್ಲದೆ, ವೈದ್ಯನಲ್ಲಿ ದ್ವೇಷವಿಲ್ಲದೆ, ಆದರೂ ರೋಗಿಯು ಸತ್ತಿರುವಲ್ಲಿ ಆರಂಭವಾಗುವ ಕಥೆಯು ಇದಕ್ಕಿಂತ ಕಠಿನವಾದುದು. ಅಂತಹುದನ್ನು ಕನ್ನಡದ ಸಮರ್ಥ ಲೇಖಕರು ಕೈಗೊಂಡರೆ ವೈದ್ಯರಿಗೂ ರೋಗಿಗಳಿಗೂ ಉಪಕಾರವಾದೀತು.