ಎಕ್ಕದ ಜೋಡಿ, ನೂರು ಹುಣಸೆ ಬೀಜ

ಪೋಕರ್ ಕಲಿಸಿಕೊಡಿ ಎಂದವರಿಗೆ ನಾನು ಮೊದಲು ಹೇಳುವುದು, ಹುಣಸೆ ಬೀಜ ತನ್ನಿ ಎಂದು. ತಲೆಗೆ ನೂರು ಬೀಜ, ಒಂದು ಕಟ್ಟು ಇಸ್ಪೀಟು, ಹಾಸಲೊಂದು ಜಮಖಾನ, ಇಷ್ಟು ಸಾಕು. ತೀರ್ಥಹಳ್ಳಿ ಕಡೆಯ ಅಕ್ಕನ ಮನೆಯಲ್ಲಿ ಮೂರು ದಿನ ಬಿಡದೆ ಮಳೆ ಹೊಯ್ದಾಗ ಹೀಗೇ ಕೂತೆವು: ಅಕ್ಕ, ಭಾವ, ಕಾಲೇಜು ಮುಗಿಸಿ ಮನೆಯಲ್ಲಿರುವ ಅವರ ಮಗ, ನಾನು. ಆ ಮನೆಗೆ ಇಸ್ಪೀಟು ಹೊಸದಲ್ಲ. ಮದುವೆಯ ಹಿಂದಿನ ರಾತ್ರಿ ಚಪ್ಪರದ ಮೂಲೆಯಲ್ಲಿ ಬೆಳಗಿನ ಜಾವದ ತನಕ ಇಪ್ಪತ್ತೆಂಟು ಆಡಿದ ಮಂದಿ. ಪೋಕರ್ ಮಾತ್ರ ಯಾರಿಗೂ ಗೊತ್ತಿರಲಿಲ್ಲ.

ರಮ್ಮಿ ಬಲ್ಲವರಿಗೆ ಪೋಕರ್ ಕಲಿಸುವುದು ಸುಲಭವೂ ಹೌದು, ಕಷ್ಟವೂ ಹೌದು. ಎಲೆಗಳ ಪರಿಚಯ ಇರುತ್ತದೆ, ಜೋಡಿ, ಸೀಕ್ವೆನ್ಸ್ ಎಂದರೆ ತಿಳಿಯುತ್ತದೆ. ಆದರೆ ರಮ್ಮಿಯಲ್ಲಿ ಕೆಟ್ಟ ಎಲೆ ಬಂದರೆ ಎಳೆದು, ಎಸೆದು ಕೈ ರಿಪೇರಿ ಮಾಡಿಕೊಳ್ಳಬಹುದು. ಇಲ್ಲಿ ಬಂದ ಎರಡೆಲೆ ಕೊನೆಯವರೆಗೂ ಅವೇ. ಇಟ್ಟುಕೊಳ್ಳಬೇಕು, ಇಲ್ಲವೇ ಕೆಳಗಿಡಬೇಕು. ನನ್ನ ಮಟ್ಟಿಗೆ ಕೆಳಗಿಡುವುದೇ ಮೊದಲ ಪಾಠ. ಹೆಚ್ಚಿನವರು ಅದನ್ನು ಎಲ್ಲಕ್ಕಿಂತ ಕೊನೆಗೆ ಕಲಿಯುತ್ತಾರೆ.

ಪೋಕರ್‌ನಲ್ಲಿ ಬಗೆಗಳು ಬಹಳ. 19ನೇ ಶತಮಾನದ ಮೊದಲ ಭಾಗದಲ್ಲಿ ಅಮೆರಿಕದ ಮಿಸಿಸಿಪ್ಪಿ ನದಿಯ ಉಗಿದೋಣಿಗಳಲ್ಲಿ 20 ಎಲೆಗಳ ಕಟ್ಟಿನಲ್ಲಿ ಆಡುತ್ತಿದ್ದರು. ನಾಲ್ವರಿಗೆ ಐದೈದು ಹಂಚಿದರೆ ಕಟ್ಟು ಖಾಲಿ. 52 ಎಲೆ ಆಮೇಲೆ ಬಂತು. ಈಗ ಎಲ್ಲೆಡೆ ಆಡುವುದು ಟೆಕ್ಸಸ್ ಹೋಲ್ಡೆಮ್. ಅದರ ಹುಟ್ಟೂರು ರಾಬ್ಸ್‌ಟೌನ್ ಎಂಬ ಸಣ್ಣ ಊರು ಎಂದು ಟೆಕ್ಸಸ್ ಶಾಸನಸಭೆ 2007ರಲ್ಲಿ ಒಪ್ಪಿಕೊಂಡಿದೆ. ಹೊಸಬರು ಇದರಿಂದಲೇ ಶುರು ಮಾಡಲಿ.

ಹಂಚುವ ಸರದಿ ಯಾರದು ಎಂಬುದಕ್ಕೆ ಒಂದು ಗುರುತು ಬೇಕು. ಅದಕ್ಕೆ ಬಟನ್ ಎನ್ನುತ್ತಾರೆ. ನಾವು ಒಂದು ಗೋಟಡಿಕೆ ಇಟ್ಟೆವು. ಪ್ರತಿ ಆಟಕ್ಕೂ ಅಡಿಕೆ ಎಡಗಡೆಯವರ ಮುಂದೆ ಸರಿಯುತ್ತದೆ. ಅಡಿಕೆಯ ಎಡಕ್ಕೆ ಕೂತವರು ಎಲೆ ನೋಡುವ ಮೊದಲೇ ಒಂದು ಬೀಜ, ಅವರ ಪಕ್ಕದವರು ಎರಡು ಬೀಜ ಹಾಕಬೇಕು. ಇವೇ ಸ್ಮಾಲ್ ಬ್ಲೈಂಡ್, ಬಿಗ್ ಬ್ಲೈಂಡ್. ಇವಿಲ್ಲದಿದ್ದರೆ ಎಲ್ಲರೂ ಒಳ್ಳೆ ಎಲೆಗೆ ಕಾಯುತ್ತ ಸುಮ್ಮನೆ ಕೂತಾರು. ಆಮೇಲೆ ತಲೆಗೆ ಎರಡೆಲೆ, ಬೋರಲಾಗಿ. ಸರದಿ ಬಂದವರು ಎದುರಿನವರಷ್ಟೇ ಹಾಕಿದರೆ ಕಾಲ್, ಏರಿಸಿದರೆ ರೈಸ್, ಎಲೆ ಕೆಳಗಿಟ್ಟರೆ ಫೋಲ್ಡ್. ಒಂದು ಸುತ್ತು ಮುಗಿದ ಮೇಲೆ ನಡುವೆ ಮೂರೆಲೆ ತೆರೆದಿಡುತ್ತಾರೆ. ಅದು ಫ್ಲಾಪ್. ಮತ್ತೊಂದು ಸುತ್ತು, ನಾಲ್ಕನೇ ಎಲೆ ಟರ್ನ್. ಇನ್ನೊಂದು ಸುತ್ತು, ಐದನೇ ಎಲೆ ರಿವರ್. ಕೊನೆಯ ಸುತ್ತು. ಫ್ಲಾಪ್ ನಂತರದ ಈ ಸುತ್ತುಗಳಲ್ಲಿ ಅಡಿಕೆಯ ಎಡಗಡೆಯವರದು ಮೊದಲ ಸರದಿ. ಯಾರೂ ಏನೂ ಕಟ್ಟದೆ ಇದ್ದರೆ ಹಾಕದೆ ಮುಂದೆ ಬಿಡಬಹುದು, ಅದು ಚೆಕ್. ನಡುವಿನ ಐದೆಲೆ ಎಲ್ಲರಿಗೂ ಸೇರಿದ್ದು. ನಿಮ್ಮ ಎರಡೂ ಸೇರಿ ಏಳರಲ್ಲಿ ಒಳ್ಳೆಯ ಐದು ಯಾರದೋ ಅವರಿಗೆ ನಡುವಿನ ರಾಶಿ, ಅಂದರೆ ಪಾಟ್. ಉಳಿದವರೆಲ್ಲ ನಡುವೆಯೇ ಫೋಲ್ಡ್ ಆದರೆ ಕೊನೆಗೆ ಉಳಿದವರು ಎಲೆ ತೋರಿಸದೆಯೇ ಪಾಟ್ ಎತ್ತಿಕೊಳ್ಳಬಹುದು. ಈ ಕೊನೆಯ ನಿಯಮ ನೆನಪಿರಲಿ, ಪೋಕರ್‌ನ ಜೀವ ಅಲ್ಲಿದೆ.

ಐದರಲ್ಲಿ ಯಾವುದು ಮೇಲು? ಇದನ್ನು ಬಾಯಿಪಾಠ ಮಾಡಿಸುವವರನ್ನು ನಾನು ಒಪ್ಪುವುದಿಲ್ಲ. ಕ್ರಮದ ಹಿಂದೆ ಒಂದೇ ಸೂತ್ರ: ಯಾವುದು ಅಪರೂಪವೋ ಅದು ದೊಡ್ಡದು. 52 ಎಲೆಗಳಿಂದ ಐದನ್ನು 25,98,960 ಬಗೆಯಲ್ಲಿ ಆರಿಸಬಹುದು. ಅದರಲ್ಲಿ 13,02,540 ಬಗೆಗಳಲ್ಲಿ ಜೋಡಿಯೂ ಇಲ್ಲ, ಏನೂ ಇಲ್ಲ. ಒಂದು ಜೋಡಿ ಇರುವುದು 10,98,240ರಲ್ಲಿ. ಆಮೇಲೆ ಎರಡು ಜೋಡಿ, ಒಂದೇ ಬೆಲೆಯ ಮೂರು, ಹೀಗೆ ಸಂಖ್ಯೆ ಧಡಧಡ ಇಳಿಯುತ್ತದೆ. ಐದೆಲೆ ಸಾಲಾಗಿ ಬರುವ ಸ್ಟ್ರೇಟ್ 10,200. ಐದೂ ಒಂದೇ ಜಾತಿಯ ಫ್ಲಶ್ 5,108. ಮೂರು ಒಂದು ಬೆಲೆ, ಎರಡು ಇನ್ನೊಂದು ಬೆಲೆಯ ಫುಲ್ ಹೌಸ್ 3,744. ನಾಲ್ಕೂ ಒಂದೇ ಬೆಲೆ 624. ಒಂದೇ ಜಾತಿಯಲ್ಲಿ ಹತ್ತರಿಂದ ಎಕ್ಕದವರೆಗೆ ಸಾಲಾಗಿ ಬರುವ ರಾಯಲ್ ಫ್ಲಶ್ ನಾಲ್ಕೇ ನಾಲ್ಕು.

ತೀನ್ ಪತ್ತಿ ಆಡಿದವರು ಎಡವುವುದು ಇಲ್ಲಿಯೇ. ‘ಅಲ್ಲಿ ಸೀಕ್ವೆನ್ಸ್ ದೊಡ್ಡದು, ಕಲರ್ ಸಣ್ಣದು. ಇಲ್ಲಿ ಯಾಕೆ ತಿರುಗುಮುರುಗು?’ ಎಂದು ಭಾವ ಪಟ್ಟು ಹಿಡಿದರು. ಒಳ್ಳೆಯ ಪ್ರಶ್ನೆ. ಮೂರೇ ಎಲೆಯಲ್ಲಿ ಸಾಲು ಬರುವುದು 720 ಬಗೆ, ಒಂದೇ ಜಾತಿ ಬರುವುದು 1,096 ಬಗೆ. ಹಾಗಾಗಿ ಅಲ್ಲಿ ಸೀಕ್ವೆನ್ಸ್ ಅಪರೂಪ. ಎಲೆ ಐದಾದ ಕೂಡಲೇ ತಕ್ಕಡಿ ಆಚೆ ವಾಲುತ್ತದೆ. ಎರಡು ಆಟಗಳೂ ತಂತಮ್ಮ ಲೆಕ್ಕಕ್ಕೆ ನಿಷ್ಠವಾಗಿವೆ. ತೀನ್ ಪತ್ತಿ ಒಂದು ಕಡೆ ಮಾತ್ರ ಲೆಕ್ಕ ಮೀರಿದೆ: ಮೂರೂ ಒಂದೇ ಬೆಲೆಯ ಟ್ರೇಲ್ 52 ಬಗೆ, ಒಂದೇ ಜಾತಿಯ ಸಾಲಾದ ಪ್ಯೂರ್ ಸೀಕ್ವೆನ್ಸ್ 48 ಬಗೆ, ಆದರೂ ಟ್ರೇಲೇ ಮೇಲು. ಮೂರು ಎಕ್ಕ ಒಟ್ಟಿಗೆ ಕಂಡಾಗ ಕಣ್ಣಿಗಾಗುವ ಹಬ್ಬಕ್ಕೆ ಲೆಕ್ಕ ಸೋತಿದೆ ಎಂದು ನಾನು ಅಂದುಕೊಂಡಿದ್ದೇನೆ.

ಇನ್ನೆರಡು ಸಣ್ಣ ಮಾತು. ಪೋಕರ್‌ನಲ್ಲಿ ಇಸ್ಪೀಟು, ಆಟೀನು, ಡೈಮನ್, ಕಳಾವರ್ ನಾಲ್ಕೂ ಸಮ. ಜಾತಿಯಲ್ಲಿ ಮೇಲುಕೀಳಿಲ್ಲ, ಪೂರ್ತಿ ಸಮ ಬಿದ್ದರೆ ಪಾಟ್ ಹಂಚಿಕೊಳ್ಳಬೇಕು. ಎಕ್ಕ ಸಾಲಿನ ತಲೆಯಲ್ಲೂ ನಿಲ್ಲುತ್ತದೆ, ಬುಡದಲ್ಲೂ ನಿಲ್ಲುತ್ತದೆ, ನಡುವೆ ನಿಲ್ಲುವುದಿಲ್ಲ.

ಈಗ ಆ ಮಳೆಯ ಮಧ್ಯಾಹ್ನದ ಒಂದು ಆಟ. ಅಡಿಕೆ ಭಾವನ ಮುಂದಿತ್ತು. ನಾನು ಒಂದು ಬೀಜ, ಅಕ್ಕ ಎರಡು ಬೀಜ ಬ್ಲೈಂಡ್ ಹಾಕಿದೆವು. ಬ್ಲೈಂಡ್ ಹಾಕಿದವರ ಪಕ್ಕ ಕೂತ ಅಳಿಯನದು ಮೊದಲ ಸರದಿ. ಅವನಿಗೆ ಬಂದಿದ್ದು ಆಟೀನ್ ಎಕ್ಕ, ಡೈಮನ್ ಎಕ್ಕ. ಎಕ್ಕದ ಜೋಡಿ 221 ಸಲಕ್ಕೆ ಒಮ್ಮೆ ಕೈಗೆ ಬರುವಂಥದು. ಆರು ಬೀಜಕ್ಕೆ ಏರಿಸಿದ, ಸರಿಯಾಗಿಯೇ ಮಾಡಿದ. ಭಾವ ಎಲೆ ಇಟ್ಟರು, ನಾನೂ ಇಟ್ಟೆ. ಅಕ್ಕನ ಹತ್ತಿರ ಇಸ್ಪೀಟಿನ ಏಳು, ಎಂಟು. ಇನ್ನು ನಾಲ್ಕು ಹಾಕಿ ಉಳಿದಳು. ಪಾಟ್‌ನಲ್ಲಿ 13 ಬೀಜ.

ಫ್ಲಾಪ್: ಇಸ್ಪೀಟ್ ರಾಜ, ಇಸ್ಪೀಟ್ ಮೂರು, ಕಳಾವರ್ ಹತ್ತು. ಅಕ್ಕ ಚೆಕ್ ಎಂದಳು. ಅಳಿಯನಿಗೆ ಅವಳು ಓಡಿಹೋದಾಳೆಂಬ ಭಯ. ಮೂರೇ ಬೀಜ ಕಟ್ಟಿದ. ತಪ್ಪಿದ್ದು ಅಲ್ಲಿ. ಅಕ್ಕನ ಕಣ್ಣಿಗೆ ನಾಲ್ಕು ಇಸ್ಪೀಟು ಕಾಣುತ್ತಿತ್ತು, ಇನ್ನೊಂದು ಬಂದರೆ ಫ್ಲಶ್. ಇಪ್ಪತ್ತೆಂಟರಲ್ಲಿ ತುರುಪು ಎಣಿಸಿ ಪಳಗಿದವಳು. ಹದಿಮೂರರಲ್ಲಿ ನಾಲ್ಕು ಹೋದರೆ ಒಂಬತ್ತು ಉಳಿಯಿತು ಎಂದು ಯಾರೂ ಹೇಳಿಕೊಡಬೇಕಿರಲಿಲ್ಲ. ಕಾಣದ ಎಲೆ 47, ಬೇಕಾದದ್ದು 9. ಹೆಚ್ಚುಕಡಿಮೆ ಐದು ಸಲಕ್ಕೊಮ್ಮೆ ಬಂದೀತು. ಮೂರು ಬೀಜ ಹಾಕಿದರೆ ಸಿಗುವುದು 16. ಆರು ಸಲ ಹೀಗೆ ಆಡಿ ಐದು ಸಲ ಸೋತರೆ ಹೋಗುವುದು 15, ಒಂದೇ ಸಲ ಗೆದ್ದರೆ ಬರುವುದು 16. ಐದಕ್ಕೊಮ್ಮೆ ಬರುವ ಎಲೆಗೆ ಇಷ್ಟು ಅಗ್ಗದ ಬೆಲೆ ಕಟ್ಟಿದರೆ ಯಾರು ಬಿಟ್ಟಾರು? ಅಳಿಯ ಹತ್ತು ಬೀಜ ಕಟ್ಟಿದ್ದರೆ ಕತೆಯೇ ಬೇರೆ. ಐದರಲ್ಲಿ ನಾಲ್ಕು ಸಲ ಹತ್ತತ್ತು ಕಳೆದುಕೊಂಡು ಒಂದು ಸಲ 23 ಪಡೆಯುವುದು ಯಾವ ಲೆಕ್ಕಕ್ಕೂ ಕೂಡಿಬರುವುದಿಲ್ಲ.

ಟರ್ನ್ ಡೈಮನ್ ನಾಲ್ಕು, ಯಾರಿಗೂ ಪ್ರಯೋಜನವಿಲ್ಲದ ಎಲೆ. ಅಳಿಯ ನಾಲ್ಕು ಬೀಜ ಕಟ್ಟಿದ, ಅಕ್ಕ ಕಾಲ್ ಮಾಡಿದಳು. ರಿವರ್‌ಗೆ ಬಂತು ಇಸ್ಪೀಟ್ ಒಂಬತ್ತು. ಅಕ್ಕ ಮುಖ ಬದಲಿಸದೆ ಇಪ್ಪತ್ತು ಬೀಜ ಮುಂದೆ ತಳ್ಳಿದಳು. ಹುಡುಗ ಮೇಲೆ ಕೆಳಗೆ ನೋಡಿದ. ಜಮಖಾನದ ಮೇಲೆ ಮೂರು ಇಸ್ಪೀಟು ಬಿದ್ದಿದೆ, ಅಷ್ಟು ಹೊತ್ತು ಮೆತ್ತಗಿದ್ದ ಅಮ್ಮ ಈಗ ಇಪ್ಪತ್ತು ತಳ್ಳುತ್ತಿದ್ದಾಳೆ. ಎಲ್ಲ ಕಾಣುತ್ತಿತ್ತು. ಆದರೂ ಕಟ್ಟಿದ. ‘ಎಕ್ಕದ ಜೋಡಿ ಹೇಗೆ ಬಿಡೋದು ಮಾವ?’ ಎಂದ. ಒಟ್ಟು 33 ಬೀಜ ಹೋದವು. ಎಕ್ಕದ ಜೋಡಿ ಎಂದರೂ ಅದು ಒಂದು ಜೋಡಿಯೇ ಕಣೋ ಎಂದೆ. ಎಲೆ ಹಂಚಿದಾಗ ಅದಕ್ಕಿದ್ದ ಬೆಲೆ ಬೇರೆ, ಐದೆಲೆ ಬಿದ್ದ ಮೇಲಿನ ಬೆಲೆ ಬೇರೆ.

ಈ ಎಣಿಕೆ ಪಶ್ಚಿಮದಿಂದ ಬಂದ ವಿದ್ಯೆಯೆಂದು ಯಾರೂ ಅಂದುಕೊಳ್ಳಬೇಕಿಲ್ಲ. ಕನಕದಾಸರ ನಳಚರಿತ್ರೆಯ ಮೂಲಕ ನಮಗೆಲ್ಲ ಆಪ್ತವಾದ ನಳನ ಕತೆ ಮಹಾಭಾರತದ ವನಪರ್ವದಲ್ಲಿದೆ. ಪಗಡೆಯಲ್ಲಿ ರಾಜ್ಯ ಕಳೆದುಕೊಂಡು ಋತುಪರ್ಣನ ಸಾರಥಿಯಾಗಿದ್ದ ನಳ ಒಂದು ದಿನ ತಾರೆ ಮರದ ಬಳಿ ರಥ ನಿಲ್ಲಿಸುತ್ತಾನೆ. ಋತುಪರ್ಣ ಕೂತಲ್ಲೇ ಮರದ ಎಲೆ, ಕಾಯಿಗಳ ಎಣಿಕೆ ಹೇಳುತ್ತಾನೆ. ನಳ ನಂಬದೆ ಮರ ಕಡಿದು ಎಣಿಸಿದರೆ ಲೆಕ್ಕ ಸರಿ. ಆಗ ತನ್ನ ಕುದುರೆ ವಿದ್ಯೆಯಾದ ಅಶ್ವಹೃದಯವನ್ನು ಕೊಟ್ಟು ದಾಳದ ವಿದ್ಯೆಯಾದ ಅಕ್ಷಹೃದಯವನ್ನು ಕಲಿಯುತ್ತಾನೆ. ಕಂಡದ್ದರಿಂದ ಕಾಣದ್ದನ್ನು ಎಣಿಸುವ ವಿದ್ಯೆಗೂ ಜೂಜಿನ ವಿದ್ಯೆಗೂ ನಂಟಿದೆ ಎಂದು ಅಷ್ಟು ಹಿಂದೆ ಕಂಡುಕೊಂಡವನಿಗೆ ನಾನು ಪ್ರತಿ ಸಲ ಮನಸ್ಸಿನಲ್ಲೇ ಕೈಮುಗಿಯುತ್ತೇನೆ. ಆ ಕತೆಯನ್ನು ಬೃಹದಶ್ವ ಋಷಿ ಹೇಳುವುದಾದರೂ ಯಾರಿಗೆ? ಜೂಜಿನಲ್ಲಿ ಎಲ್ಲ ಕಳೆದುಕೊಂಡು ಕಾಡಿನಲ್ಲಿ ಕೂತ ಧರ್ಮರಾಯನಿಗೆ.

ಧರ್ಮರಾಯನ ಮಾತು ಬಂದಾಗ ಇನ್ನೊಂದು ನಿಯಮ ಹೇಳಲೇಬೇಕು. ಪೋಕರ್‌ನಲ್ಲಿ ಆಟ ಶುರುವಾಗುವಾಗ ನಿಮ್ಮ ಮುಂದೆ ಎಷ್ಟಿತ್ತೋ ಅಷ್ಟನ್ನೇ ಪಣಕ್ಕಿಡಬಹುದು. ನಡುವೆ ಜೇಬಿಗೆ ಕೈ ಹಾಕುವಂತಿಲ್ಲ, ಸಾಲ ಬರೆದುಕೊಡುವಂತಿಲ್ಲ, ಉಂಗುರ ಬಿಚ್ಚಿಡುವಂತಿಲ್ಲ. ಇದ್ದದ್ದೆಲ್ಲ ಹಾಕಿದರೆ ಆಲ್ ಇನ್. ಅದಕ್ಕಿಂತ ಹೆಚ್ಚು ಕಟ್ಟಿ ನಿಮ್ಮನ್ನು ಹೊರಗೆ ತಳ್ಳುವ ಹಕ್ಕು ಎದುರಿನವರಿಗೂ ಇಲ್ಲ. ಹಸ್ತಿನಾವತಿಯ ಸಭೆಯಲ್ಲಿ ಈ ಒಂದು ನಿಯಮ ಇದ್ದಿದ್ದರೆ ತಮ್ಮಂದಿರಾಗಲಿ ದ್ರೌಪದಿಯಾಗಲಿ ಪಣವಾಗುತ್ತಿರಲಿಲ್ಲ. ಫೋನಿನಲ್ಲಿ ಸಾಲ ಎತ್ತಿ ಆಡಿ ಮನೆ ಮುರಿದುಕೊಂಡವರನ್ನು ಹತ್ತಿರದಿಂದ ಕಂಡಿದ್ದೇನೆ. ಹಣ ಕಟ್ಟುವ ಆನ್‌ಲೈನ್ ಆಟಗಳನ್ನು, ಜಾಣ್ಮೆಯದೋ ಅದೃಷ್ಟದ್ದೋ ಎಂಬ ಭೇದವಿಲ್ಲದೆ ನಿಷೇಧಿಸುವ ಕಾನೂನನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ತಂದಾಗ ನನಗೆ ಬೇಸರವಾಗಲಿಲ್ಲ. ನಾನು ಪ್ರೀತಿಸುವ ಆಟ ಹುಣಸೆ ಬೀಜದಲ್ಲೂ ಪೂರ್ತಿಯಾಗಿಯೇ ಇದೆ.

ಬರಿಗೈಯಲ್ಲಿ ಕಟ್ಟಿ ಎದುರಿನವರನ್ನು ಓಡಿಸುವ ಈ ಬ್ಲಫ್ ಮೋಸ ಅಲ್ಲವೇನೋ, ಎಂದು ಅಕ್ಕ ಕೇಳಿದಳು. ಅಲ್ಲ. ಗಣಿತಜ್ಞ ಜಾನ್ ಫಾನ್ ನಾಯ್ಮನ್, ಅರ್ಥಶಾಸ್ತ್ರಜ್ಞ ಆಸ್ಕರ್ ಮಾರ್ಗನ್‌ಸ್ಟರ್ನ್ ಜೊತೆ 1944ರಲ್ಲಿ ಪ್ರಕಟಿಸಿದ ಆಟಗಳ ಸಿದ್ಧಾಂತದ ಗ್ರಂಥದಲ್ಲಿ ಪೋಕರನ್ನು ಗಂಭೀರವಾಗಿ ಪರಿಶೀಲಿಸಿ ತೋರಿಸಿದ್ದು ಇದನ್ನೇ: ಒಳ್ಳೆ ಎಲೆ ಇದ್ದಾಗ ಮಾತ್ರ ಕಟ್ಟುವವರನ್ನು ಎದುರಿನವರು ಬೇಗ ಓದಿಬಿಡುತ್ತಾರೆ, ಆಗೀಗ ಬರಿಗೈಯಲ್ಲೂ ಕಟ್ಟಿದರೆ ಮಾತ್ರ ಒಳ್ಳೆ ಎಲೆಗೂ ಬೆಲೆ ಬರುತ್ತದೆ. ಹೊಸಬರಿಗೆ ನನ್ನ ಸಲಹೆ ಮಾತ್ರ ಬೇರೆ. ಮೊದಲ ತಿಂಗಳು ಬ್ಲಫ್ ಬೇಡ. ಫೋಲ್ಡ್ ಮಾಡಿದ ಮೇಲೂ ಎದ್ದು ಹೋಗದೆ ಉಳಿದವರ ಆಟ ನೋಡಿ. ಪೋಕರ್ ದಿಗ್ಗಜ ಡಾಯ್ಲ್ ಬ್ರನ್‌ಸನ್ 1976ರಲ್ಲೂ 1977ರಲ್ಲೂ ಹತ್ತು, ಎರಡು ಎಂಬ ಬಡ ಎಲೆಗಳಲ್ಲಿ ಲಾಸ್ ವೇಗಸ್‌ನ ವರ್ಲ್ಡ್ ಸೀರೀಸ್ ಆಫ್ ಪೋಕರ್ ಪಂದ್ಯದ ಕೊನೆಯ ಆಟ ಗೆದ್ದ ಎಂದು ಕೇಳಿ ಆ ಎಲೆಗೆ ಬೀಜ ಸುರಿಯಬೇಡಿ. ಅದನ್ನು ಆಡಲು ಬ್ರನ್‌ಸನ್ ಆಗಿರಬೇಕು.

ಮೂರನೇ ದಿನದ ಕೊನೆಯ ಆಟಗಳಲ್ಲೊಂದು. ಮತ್ತೆ ಅಮ್ಮ, ಮಗ ಎದುರುಬದುರು. ರಿವರ್ ಬಿದ್ದ ಮೇಲೆ ಅಕ್ಕ ಮೂವತ್ತು ಬೀಜ ತಳ್ಳಿದಳು. ಹುಡುಗ ಬಹಳ ಹೊತ್ತು ಕೂತ. ಅಡಿಗೆಮನೆಯಲ್ಲಿ ಹಾಲು ಉಕ್ಕುವ ಸದ್ದಿಗೆ ಭಾವ ಎದ್ದು ಹೋಗಿ ಬಂದರು, ಅವನಿನ್ನೂ ಯೋಚಿಸುತ್ತಿದ್ದ. ಕೊನೆಗೆ ಎರಡೂ ಎಲೆಗಳನ್ನು ಬೋರಲಾಗಿಯೇ ನಡುವೆ ಸರಿಸಿದ. ಏನಿತ್ತೋ ಎಂದರೆ, ‘ರಾಣಿ ಜೋಡಿ. ಅಮ್ಮಾ, ನಿನ್ನದು?’ ಎಂದ. ಅಕ್ಕ ತನ್ನೆರಡು ಎಲೆಗಳನ್ನು ಕಟ್ಟಿನ ನಡುವೆ ತೂರಿಸಿ ಕಲಸತೊಡಗಿದ್ದಳು. ತೋರಿಸಬೇಕೆಂಬ ನಿಯಮ ಇದೆಯಾ ಎಂದು ನನ್ನನ್ನು ಕೇಳಿದಳು. ಇಲ್ಲ ಎಂದೆ. ಅಡಿಕೆಯನ್ನು ಎಡಕ್ಕೆ ಸರಿಸಿ ಎಲೆ ಹಂಚಿದಳು.