ನಾಳೆ ಬಾ ಎಂದ ಬಾಗಿಲು

ಹುಬ್ಬಳ್ಳಿಯಿಂದ ವಿಜಯಪುರದ ಕಡೆ ಹೋಗುವ ದೊಡ್ಡ ರಸ್ತೆಯಿಂದ ಬಾದಾಮಿಯ ದಾರಿ ಕವಲೊಡೆಯುವುದು ಕುಳಗೇರಿ ಕ್ರಾಸಿನಲ್ಲಿ. ಒಂದು ಸಂಜೆ ಅಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದ ಕಟ್ಟೆಯ ಮೇಲೆ ಕಾಲೇಜಿನ ಮೂವರು ಹುಡುಗರು ಒಂದೇ ಮೊಬೈಲಿಗೆ ತಲೆ ಕೊಟ್ಟು ಕೂತಿದ್ದರು. ಒಮ್ಮೆ ಬೆಚ್ಚುತ್ತಿದ್ದರು, ಮರುಕ್ಷಣ ನಗುತ್ತಿದ್ದರು. ಸಂತೆಯ ಚೀಲ ಮುಂದಿಟ್ಟುಕೊಂಡಿದ್ದ ಮುದುಕಿಯೊಬ್ಬರು ಕೇಳಿದರು: "ಏನ್ ನೋಡಾಕತ್ತೀರಪಾ ಅಷ್ಟು?"

"ದೆವ್ವದ ಪಿಚ್ಚರ್ ಆಯಿ. ಸ್ತ್ರೀ ಪಾರ್ಟ್ ಟೂ. ಮೊದಲನೇದ್ರಾಗ ಮನಿ ಮುಂದ ನಾಳಿ ಬಾ ಅಂತ ಬರದಿದ್ರ ದೆವ್ವ ತಿರುಗಿ ಹೊಕ್ಕಿತ್ತು. ಎರಡನೇದು ಇನ್ನೂ ಭಾರಿ ಐತಿ."

"ಅದನ್ನ ನನಗೇನ್ ಹೇಳ್ತಿ ತಮ್ಮಾ? ನಮ್ಮನಿ ಬಾಗಲಕ್ಕ ನಾನ ಬರಸಿದ್ದೆ, ಸಾಲಿಗೆ ಹೋಗೋ ಮಗನ ಕಡಿಂದ. ದೆವ್ವಕ್ಕ ಓದಾಕ ಬರ್ತಿತ್ತು, ನನಗ ಬರ್ತಿದ್ದಿಲ್ಲ."

ಹುಡುಗರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆಯಿಯೂ ನಕ್ಕರು. ಆಮೇಲೆ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಹಾರರ್ ಕಾಮಿಡಿ ಎಂದು ನಾವು ಈಗ ಕರೆಯುವ ಸಿನಿಮಾ ಪ್ರಕಾರದ ತಿರುಳು ಆ ಒಂದು ಮಾತಿನಲ್ಲಿತ್ತು ಎಂದು ನನಗೆ ಅನ್ನಿಸಿತು. "ಎರಡನೇದು ಇನ್ನೂ ಭಾರಿ ಐತಿ" ಎಂಬ ಹುಡುಗನ ಮಾತಿನಲ್ಲಿ ಈ ಪ್ರಕಾರ ಹಿಡಿದಿರುವ ದಾರಿಯೂ ಇತ್ತು. ಆ ದಾರಿ ಸರಿಯೇ ಎಂದು ಕೇಳಿಕೊಳ್ಳುವುದು ಈ ಲೇಖನದ ಉದ್ದೇಶ.

1990ರ ದಶಕದಲ್ಲಿ ಕರ್ನಾಟಕದ ಊರೂರುಗಳಲ್ಲಿ 'ನಾಳೆ ಬಾ' ಎಂಬ ಬರಹ ಬಾಗಿಲುಗಳ ಮೇಲೆ ಕಾಣಿಸಿಕೊಂಡಿತು. ರಾತ್ರಿ ಹೆಣ್ಣು ದೆವ್ವವೊಂದು ಬರುತ್ತದೆ, ಮನೆಯವರದೇ ದನಿಯಲ್ಲಿ ಹೆಸರು ಹಿಡಿದು ಕೂಗುತ್ತದೆ, ಬಾಗಿಲು ತೆರೆದವರು ಉಳಿಯುವುದಿಲ್ಲ ಎಂದು ಜನ ನಂಬಿದ್ದರು. ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆದರೆ ಅದು ಓದಿ ಹಿಂದಿರುಗುತ್ತದೆ, ಮರುದಿನ ಬಂದಾಗಲೂ ಅದನ್ನೇ ಓದುತ್ತದೆ. ಖಡುವಿನಲ್ಲಿ, ಇದ್ದಲಿಯಲ್ಲಿ, ಕೆಲವೆಡೆ ಬಣ್ಣದಲ್ಲಿ ಬರೆದ ಆ ಎರಡು ಪದಗಳಲ್ಲಿ ಎಷ್ಟೊಂದು ಇದೆ ನೋಡಿ. ಸಾವಿನ ಹೆದರಿಕೆಯಿದೆ. ಅಮ್ಮನ ದನಿಯನ್ನೂ ನಂಬಲಾಗದ ಸಂಕಟವಿದೆ. ಸಾಲಗಾರನನ್ನು ಸಾಗಹಾಕುವ ಹಾಗೆ ದೆವ್ವವನ್ನು ಸಾಗಹಾಕುವ ಹಳ್ಳಿಯ ಜಾಣತನವಿದೆ. ಇಲ್ಲಿ ನಗೆಯೂ ಭಯವೂ ಒಂದೇ ಕೈಬರಹದಲ್ಲಿವೆ, ಒಂದನ್ನು ಅಳಿಸಿದರೆ ಇನ್ನೊಂದೂ ಅಳಿಸುತ್ತದೆ.

ಈ ಕನ್ನಡದ ಬಾಗಿಲು ಹಿಂದಿ ಚಿತ್ರವಾದದ್ದು 2018ರಲ್ಲಿ. ರಾಜ್ ಮತ್ತು ಡಿ.ಕೆ. ಬರೆದ, ಅಮರ್ ಕೌಶಿಕ್ ನಿರ್ದೇಶಿಸಿದ 'ಸ್ತ್ರೀ' ಕತೆಯನ್ನು ಮಧ್ಯಪ್ರದೇಶದ ಚಂದೇರಿಗೆ ಒಯ್ದಿತು. ಊರು ಬದಲಾದರೂ ಭಯದ ಬೇರು ಕೀಳಲಿಲ್ಲ. ದೆವ್ವ ಹೊತ್ತೊಯ್ಯುವುದು ಗಂಡಸರನ್ನು. ಹಾಗಾಗಿ ಕತ್ತಲಾದ ಮೇಲೆ ಒಬ್ಬರೇ ಹೊರಗೆ ಹೋಗಬಾರದು, ಬೇಗ ಮನೆ ಸೇರಬೇಕು ಎಂಬ ಕಟ್ಟಳೆ ಈಗ ಗಂಡಸರಿಗೆ. ಜೀವ ಉಳಿಸಿಕೊಳ್ಳಲು ಅವರು ಸೀರೆ ಉಡುತ್ತಾರೆ. ನಾವು ನಗುತ್ತೇವೆ. ನಗುತ್ತಿರುವಾಗಲೇ, ನಮ್ಮ ಅಕ್ಕತಂಗಿಯರು ವರ್ಷವಿಡೀ ಬದುಕುತ್ತಿರುವುದು ಇದೇ ಕಟ್ಟಳೆಯಲ್ಲಲ್ಲವೇ ಎಂದು ಹೊಳೆಯುತ್ತದೆ. ನಾಯಕ ಹೆಂಗಸರ ಬಟ್ಟೆ ಹೊಲಿಯುವ ದರ್ಜಿ. ದೆವ್ವಕ್ಕೆ ಬೇಕಿರುವುದು ಬದುಕಿದ್ದಾಗ ಸಿಗದೆ ಹೋದ ಪ್ರೀತಿ ಮತ್ತು ಮರ್ಯಾದೆ. ಕೊನೆಯಲ್ಲಿ ಊರವರು ಬರಹವನ್ನೇ ಬದಲಿಸುತ್ತಾರೆ: ನಾಳೆ ಬಾ ಎನ್ನುತ್ತಿದ್ದವರು ಕಾಪಾಡು ಎಂದು ಬೇಡಿಕೊಳ್ಳುತ್ತಾರೆ. ಗೋಡೆಯ ಮೇಲಿನ ಒಂದು ಸಾಲು ಬದಲಾಗುವುದರಲ್ಲಿ ಇಡೀ ಊರಿನ ಮನಸ್ಸು ಬದಲಾದದ್ದು ಕಾಣುತ್ತದೆ. ಇದು ಒಳ್ಳೆಯ ಬರವಣಿಗೆ.

2024ರ ಆಗಸ್ಟ್ 15ರಂದು ತೆರೆಕಂಡ 'ಸ್ತ್ರೀ 2' ಮೊದಲ ಚಿತ್ರಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಗಳಿಸಿತು. ಅದಕ್ಕೆ ಸಲ್ಲಬೇಕಾದದ್ದನ್ನು ಮೊದಲು ಸಲ್ಲಿಸೋಣ. ಪಂಕಜ್ ತ್ರಿಪಾಠಿ, ಅಪಾರಶಕ್ತಿ ಖುರಾನಾ, ಅಭಿಷೇಕ್ ಬ್ಯಾನರ್ಜಿ ಅವರ ಗೆಳೆತನದ ಮಾತುಗಳಲ್ಲಿ ಹಳೆಯ ಲವಲವಿಕೆ ಉಳಿದಿದೆ. ಸ್ವಂತ ಬುದ್ಧಿಯಿಂದ ಬದುಕಲು ಹೊರಟ ಹುಡುಗಿಯರನ್ನೇ ಹೊತ್ತೊಯ್ಯುವ ತಲೆಯಿಲ್ಲದ ದೈತ್ಯ, ಅವನ ಪ್ರಭಾವಕ್ಕೆ ಸಿಕ್ಕು ಹೆಂಗಸರನ್ನು ಮನೆಯೊಳಗೆ ಕೂಡಿಹಾಕುವ ಗಂಡಸರು ಎಂಬ ಕಲ್ಪನೆ ಮೊದಲ ಚಿತ್ರಕ್ಕೆ ಸರಿಯಾದ ಉತ್ತರಾರ್ಧವೇ. ಆದರೆ ಚಿತ್ರ ಆ ಕಲ್ಪನೆಯೊಂದಿಗೆ ಕೂರುವುದಿಲ್ಲ. ದೈತ್ಯನ ತಲೆ ಉರುಳಬೇಕು, ಗುಹೆಯಲ್ಲಿ ಬೆಂಕಿ ಕುದಿಯಬೇಕು, ಇನ್ನೊಂದು ಚಿತ್ರದ ತೋಳ ಬಂದು ಕಾದಾಡಬೇಕು, ಮುಂದಿನ ಚಿತ್ರಕ್ಕೆ ಬೀಜ ಬಿತ್ತಬೇಕು. ಮೊದಲ ಭಾಗದ ದೆವ್ವ ಬಾಗಿಲ ಹತ್ತಿರ ನಿಂತು ಓದುತ್ತಿತ್ತು. ಎರಡನೇ ಭಾಗದ ದೈತ್ಯ ಏನನ್ನೂ ಓದುವುದಿಲ್ಲ, ಮನೆಗೆ ನುಗ್ಗುತ್ತಾನೆ. ಓದುವ ದೆವ್ವದೊಂದಿಗೆ ಮಾತು ಸಾಧ್ಯ, ಆದ್ದರಿಂದ ನಗೆಯೂ ಸಾಧ್ಯ. ನುಗ್ಗುವ ದೈತ್ಯನೊಂದಿಗೆ ಹೊಡೆದಾಟವಷ್ಟೇ ಉಳಿಯುತ್ತದೆ. ಅಲ್ಲಿಂದಾಚೆಗೆ ಭಯ ಒಂದು ಕಡೆ, ಹಾಸ್ಯ ಇನ್ನೊಂದು ಕಡೆ, ಬೇರೆ ಬೇರೆ ಪಾಳಿಯಲ್ಲಿ ಕೆಲಸ ಮಾಡುತ್ತವೆ.

ಇದು ಹಿಂದಿಯವರ ರೋಗವೆಂದು ನಾವು ಸುಮ್ಮನಿರುವಂತಿಲ್ಲ. ಕನ್ನಡದಲ್ಲಿ ಈ ಪ್ರಯಾಣ ಅದಕ್ಕೂ ಮುಂಚೆ ನಡೆದಿದೆ, ಮತ್ತು ಒಬ್ಬನೇ ನಿರ್ದೇಶಕನ ಕೈಯಲ್ಲಿ ನಡೆದಿದೆ.

ಪಿ. ವಾಸು ನಿರ್ದೇಶನದ, ದ್ವಾರಕೀಶ್ ನಿರ್ಮಾಣದ 'ಆಪ್ತಮಿತ್ರ' ತೆರೆಕಂಡದ್ದು 2004ರ ಆಗಸ್ಟ್ 27ರಂದು. ಮೂಲ ಮಲಯಾಳದ್ದು: 1993ರ, ಫಾಜಿಲ್ ನಿರ್ದೇಶಿಸಿದ 'ಮಣಿಚಿತ್ರತ್ತಾಳ್'. ಆದರೂ ನಮ್ಮ ಜನ ಅದನ್ನು ತಮ್ಮದೇ ಎಂದು ಒಪ್ಪಿಕೊಂಡರು. ಹಳೆಯ ಅರಮನೆ, ಮುಚ್ಚಿದ ಕೋಣೆ, ನಾಗವಲ್ಲಿ ಎಂಬ ನರ್ತಕಿಯ ಚಿತ್ರಪಟ, ರಾಜನ ಕ್ರೌರ್ಯ ಎಲ್ಲವೂ ಇದ್ದು, ಕೊನೆಗೆ ದೆವ್ವ ಇರುವುದು ಗಂಗಾ ಎಂಬ ಹೆಣ್ಣಿನ ಮನಸ್ಸಿನೊಳಗೆ. ಅವಳು ಒಂದೇ ಕೈಯಲ್ಲಿ ಮಂಚವನ್ನು ಎತ್ತುವ ದೃಶ್ಯ ನೆನಪಿಸಿಕೊಳ್ಳಿ. ಅಲ್ಲಿ ರಕ್ತವಿಲ್ಲ, ಹೊಗೆಯಿಲ್ಲ. ಗಂಡ ಹೆಂಡತಿಯ ನಡುವೆ ಹೊರಗೆ ಹೋಗುವ ಬಗ್ಗೆ ಒಂದು ಸಣ್ಣ ಮಾತು ಬರುತ್ತದೆ, ಗಂಗಾ ಆಗಿ ನಟಿಸಿದ ಸೌಂದರ್ಯ ಅವರ ಕಣ್ಣು ನಿಧಾನವಾಗಿ ಬೇರೆ ಯಾರದೋ ಆಗುತ್ತದೆ. ನಮ್ಮ ಮನೆಯ ಕೋಣೆಯಲ್ಲಿ ನಡೆಯಬಹುದಾದ್ದರಿಂದಲೇ ಅದು ನಡುಕ ಹುಟ್ಟಿಸುತ್ತದೆ. ದ್ವಾರಕೀಶ್ ನಗಿಸುವುದೂ ಅದೇ ಅರಮನೆಯ ಅದೇ ಕತ್ತಲೆಗೆ ಹೆದರಿಕೊಂಡು. ಮನೋವೈದ್ಯನಾಗಿ ವಿಷ್ಣುವರ್ಧನ್ ತಮಾಷೆ ಮಾಡುತ್ತಲೇ ರೋಗದ ಜಾಡು ಹಿಡಿಯುತ್ತಾರೆ. ನಗೆಯೇ ಚಿಕಿತ್ಸೆಯ ದಾರಿಯಾಗಿದೆ.

2010ರ ಫೆಬ್ರವರಿ 19ರಂದು ಬಂದ 'ಆಪ್ತರಕ್ಷಕ' ಅದೇ ವಾಸು ಅವರದು. ನಾಗವಲ್ಲಿಯ ಚಿತ್ರಪಟ ಬೇರೆ ಮನೆ ಸೇರುತ್ತದೆ ಎಂಬ ಎಳೆ ಚೆನ್ನಾಗಿದೆ. ಭಯ ಕೈಯಿಂದ ಕೈಗೆ ದಾಟುವ ವಸ್ತುವಾದರೆ ಅದು ಯಾರ ಮನೆಗಾದರೂ ಬರಬಹುದು. ಆದರೆ ಚಿತ್ರ ಮುಂದೆ ಹೋದಂತೆ ಮನಸ್ಸಿನ ಕೋಣೆ ಖಾಲಿಯಾಗುತ್ತದೆ. ಭಾರೀ ಹಾವು ಬರುತ್ತದೆ. ನೂರು ವರ್ಷ ಮೀರಿದ ರಾಜ ಇನ್ನೂ ಜೀವಂತವಾಗಿದ್ದಾನೆ ಎನ್ನುವಲ್ಲಿಗೆ ಕತೆ ಮುಟ್ಟುತ್ತದೆ. ಮೊದಲ ಚಿತ್ರದಲ್ಲಿ ರಾಜ ಒಬ್ಬ ಹೆಣ್ಣಿನ ನೋವಿನೊಳಗೆ ಬದುಕಿದ್ದ, ಎರಡನೆಯದರಲ್ಲಿ ನಿಜವಾಗಿ ಉಸಿರಾಡುತ್ತ ಕೂತಿದ್ದಾನೆ. ಒಳಗಿದ್ದದ್ದನ್ನು ಹೊರಗೆ ತಂದು ನಿಲ್ಲಿಸಿದ ಕೂಡಲೇ ಅದು ಗಾತ್ರದಲ್ಲಿ ಬೆಳೆಯಿತು, ಭಾರದಲ್ಲಿ ಕುಗ್ಗಿತು. ಇಲ್ಲಿ ನಗಿಸುವ ಹೊಣೆ ಕೋಮಲ್ ಅವರದು. ಅವರು ನಗಿಸುತ್ತಾರೆ ಕೂಡ, ಆದರೆ ಆ ನಗೆಯನ್ನು ತೆಗೆದಿಟ್ಟರೆ ಕತೆ ಒಂದು ಹೆಜ್ಜೆಯೂ ತಪ್ಪುವುದಿಲ್ಲ.

ಆದರೂ 'ಆಪ್ತರಕ್ಷಕ' ಜನರ ಎದೆಗೆ ತಾಗಿತು. ಕಾರಣ ಚಿತ್ರಕತೆಯ ಹೊರಗಿತ್ತು. 'ಆಪ್ತಮಿತ್ರ' ತೆರೆಕಾಣುವ ನಾಲ್ಕು ತಿಂಗಳು ಮೊದಲು, 2004ರ ಏಪ್ರಿಲ್ 17ರಂದು, ಸೌಂದರ್ಯ ವಿಮಾನ ದುರಂತದಲ್ಲಿ ತೀರಿಕೊಂಡಿದ್ದರು. 'ಆಪ್ತರಕ್ಷಕ' ತೆರೆಕಾಣುವ ಮೊದಲೇ, 2009ರ ಡಿಸೆಂಬರ್ 30ರಂದು, ವಿಷ್ಣುವರ್ಧನ್ ಹೋದರು. ಮೊದಲ ಭಾಗದ ನಾಯಕಿಯನ್ನೂ ಎರಡನೆಯ ಭಾಗದ ನಾಯಕನನ್ನೂ ನಾವು ನೋಡಿದ್ದು ಅವರು ಇಲ್ಲವಾದ ಮೇಲೆ. ಟಾಕೀಸಿನಲ್ಲಿ ಜನ ಶಿಳ್ಳೆ ಹಾಕುತ್ತಲೇ ಕಣ್ಣೊರೆಸಿಕೊಂಡರು. ವೈದ್ಯನಾಗಿಯೂ ರಾಜನಾಗಿಯೂ ವಿಷ್ಣು ಎರಡು ಪಾತ್ರಗಳಿಗೆ ಎರಡು ದೇಹಭಾಷೆ ಕೊಟ್ಟರು. ಬರವಣಿಗೆ ಕೈಬಿಟ್ಟ ಕಡೆ ನಟ ಕೈಹಿಡಿದ. ಆ ಋಣವನ್ನು ನಟನಿಗೆ ಸಲ್ಲಿಸಬೇಕು, ಅದನ್ನು ಚಿತ್ರಕತೆಯ ಲೆಕ್ಕಕ್ಕೆ ಬರೆಯಬಾರದು.

ಉಪೇಂದ್ರ ಅವರ 'ಕಲ್ಪನಾ' (2012) ಮತ್ತು 'ಕಲ್ಪನಾ 2' (2016) ತಮಿಳಿನ 'ಕಾಂಚನಾ' ಸರಣಿಯ ರಿಮೇಕ್‌ಗಳು. ಮೊದಲನೆಯದರಲ್ಲಿ ಗದ್ದಲ ಬಹಳವಿದ್ದರೂ ಸಾಯಿಕುಮಾರ್ ಮಾಡಿದ ಲಿಂಗಪರಿವರ್ತಿತೆಯ ಪಾತ್ರ ಮರೆಯುವಂಥದಲ್ಲ. ಅನ್ಯಾಯವಾಗಿ ಸತ್ತ ಆ ಜೀವಕ್ಕೆ ಹೇಳಿಕೊಳ್ಳಲು ಒಂದು ದೂರು ಇತ್ತು. ಸವದತ್ತಿ ಯಲ್ಲಮ್ಮನ ಜೋಗಪ್ಪಗಳು ಮನೆಬಾಗಿಲಿಗೆ ಬಂದಾಗ ಕೈಮುಗಿದು, ಅವರು ಹೋದ ಮೇಲೆ ಬೆನ್ನ ಹಿಂದೆ ನಗುವುದನ್ನು ಕಂಡ ನಮ್ಮ ಭಾಗದವರಿಗೆ ಆ ದೂರು ಯಾರ ಮೇಲೆ ಎಂದು ತಿಳಿಯುತ್ತದೆ. ಎರಡನೆಯದರಲ್ಲಿ ಕಿರುಚಾಟ ಹೆಚ್ಚಿತು, ದೂರು ಸಡಿಲವಾಯಿತು. ಕೋಮಲ್ ನಾಯಕರಾದ 'ನಮೋ ಭೂತಾತ್ಮ' (2014) ಕೂಡ ತಮಿಳಿನ 'ಯಾಮಿರುಕ್ಕ ಬಯಮೇ'ಯ ರಿಮೇಕ್. ಅದರ ಎರಡನೇ ಭಾಗ 2023ರಲ್ಲಿ ಬಂತು. ಎರಡಕ್ಕೂ ನಿರ್ದೇಶಕರು ಮುರಳಿ. ಹೆಸರು, ನಾಯಕ, ನಿರ್ದೇಶಕ ಉಳಿದರೂ ಪ್ರೇಕ್ಷಕನ ಮನೆಯವರೆಗೆ ಹಿಂಬಾಲಿಸಿ ಬರುವ ಒಂದು ಹೆದರಿಕೆ ಅಲ್ಲಿ ಹುಟ್ಟಲಿಲ್ಲ.

ಹೀಗೇಕೆ ಆಗುತ್ತದೆ? ದುಡ್ಡಿನ ಆಸೆ ಎಂದು ಹೇಳಿ ಮುಗಿಸುವುದು ಸುಲಭ. ದುಡ್ಡಿನ ಆಸೆ ಮೊದಲ ಭಾಗಕ್ಕೂ ಇತ್ತು. ನನ್ನ ಲೆಕ್ಕದಲ್ಲಿ ಕಾರಣ ಬೇರೆ: ಭಯಕ್ಕೆ ಒಂದು ಊರು ಬೇಕು. ಮೊದಲ ಭಾಗ ಬರೆಯುವವನಿಗೆ ಒಂದು ಬಾಗಿಲು, ಒಂದು ಕೋಣೆ, ಒಬ್ಬಳ ಸಂಕಟ ಗೊತ್ತಿರುತ್ತದೆ. ಎರಡನೇ ಭಾಗ ಬರೆಯುವವನಿಗೆ ಗೊತ್ತಿರುವುದು ಮೊದಲ ಭಾಗ ಮಾತ್ರ. ಜನ ಎಲ್ಲಿ ಕಿರುಚಿದರು, ಎಲ್ಲಿ ನಕ್ಕರು ಎಂದು ಗುರುತು ಹಾಕಿಕೊಂಡು ಅದನ್ನೇ ದೊಡ್ಡದು ಮಾಡುತ್ತಾನೆ. ಹದಿಹರೆಯದವರಿಗೆ ಇಷ್ಟು ಸಾಕು ಎಂಬ ಸಸಾರವೂ ಇದರಲ್ಲಿದೆ. ಅದು ತಪ್ಪು. ಆ ಸಂಜೆ ಕ್ರಾಸಿನ ಹುಡುಗರು ಆಯಿಯ ಮಾತಿಗೆ ಮೌನವಾದ ಹಾಗೆ ಮೊಬೈಲಿನ ಯಾವ ದೃಶ್ಯಕ್ಕೂ ಆಗಲಿಲ್ಲ.

ಹಾಗೆಂದು ಪುನರಾವರ್ತನೆಯೇ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಕುಳಗೇರಿ ಕ್ರಾಸಿನಿಂದ ಬಾದಾಮಿಯ ದಾರಿ ಹಿಡಿದು ಹೋದರೆ ಗುಡ್ಡದ ಬುಡದಲ್ಲಿ ಅಗಸ್ತ್ಯ ತೀರ್ಥ ಸಿಗುತ್ತದೆ. ಆ ಊರಿನ ಹಳೆಯ ಹೆಸರು ವಾತಾಪಿ. ಪುರಾಣದ ಕತೆಯಲ್ಲಿ ಇಲ್ವಲನೆಂಬ ರಾಕ್ಷಸ ತನ್ನ ತಮ್ಮ ವಾತಾಪಿಯನ್ನು ಟಗರು ಮಾಡಿ, ಕೊಯ್ದು, ಅಡಿಗೆ ಮಾಡಿ ಅತಿಥಿಗಳಿಗೆ ಬಡಿಸುತ್ತಿದ್ದ. ಊಟವಾದ ಮೇಲೆ "ವಾತಾಪಿ, ಹೊರಗೆ ಬಾ" ಎಂದು ಕರೆದರೆ ತಮ್ಮ ಅತಿಥಿಯ ಹೊಟ್ಟೆ ಸೀಳಿಕೊಂಡು ಬರುತ್ತಿದ್ದ. ಒಂದಲ್ಲ, ಎರಡಲ್ಲ, ಎಷ್ಟೋ ಸಲ ಇದೇ ಆಟ ನಡೆಯಿತು. ಕೊನೆಗೆ ಬಂದವನು ಅಗಸ್ತ್ಯ. ಉಂಡು, ಹೊಟ್ಟೆ ಸವರಿಕೊಂಡು, ವಾತಾಪಿ ಜೀರ್ಣವಾಗಲಿ ಎಂದ. ಇಲ್ವಲ ಎಷ್ಟು ಕರೆದರೂ ಯಾರೂ ಬರಲಿಲ್ಲ. ಇಷ್ಟು ಭಯಂಕರವಾದ ಕತೆಯನ್ನು ನಮ್ಮ ಮಕ್ಕಳು ಇಂದಿಗೂ ನಗುತ್ತ ಕೇಳುತ್ತಾರೆ. ಹಳೆಯ ಆಟಕ್ಕೆ ಹೊಸ ಅತಿಥಿ ಬಂದು ಕೂತದ್ದರಿಂದ ಆ ಕತೆ ಉಳಿಯಿತು. ಒಳ್ಳೆಯ ಎರಡನೇ ಭಾಗಕ್ಕೆ ಬೇಕಾದದ್ದೂ ಅದೇ: ಹೆಚ್ಚು ದೊಡ್ಡ ರಾಕ್ಷಸನಲ್ಲ, ಎಲೆಯ ಮುಂದೆ ಕೂರುವ ಬೇರೆ ಮನುಷ್ಯ.

ನನ್ನ ತೀರ್ಪು ಇಷ್ಟು. 'ಸ್ತ್ರೀ' ಮತ್ತು 'ಆಪ್ತಮಿತ್ರ' ತಮ್ಮ ಎರಡನೇ ಭಾಗಗಳಿಗಿಂತ ಸಣ್ಣ ಚಿತ್ರಗಳು, ಅದಕ್ಕೇ ಅವು ದೊಡ್ಡವು. ಕನ್ನಡದಲ್ಲಿ ಬರೆಯಲು ಹೊರಟ ತರುಣರಲ್ಲಿ ನನ್ನದೊಂದು ಬೇಡಿಕೆ. ಬೇರೆ ಭಾಷೆಯ ಹಕ್ಕು ಕೊಳ್ಳುವ ಮುಂಚೆ ನಿಮ್ಮ ಬಸ್‌ಸ್ಟ್ಯಾಂಡಿನ ಆಯಿಯನ್ನು ಮಾತಾಡಿಸಿ. 'ನಾಳೆ ಬಾ' ನಮ್ಮ ಬಾಗಿಲ ಮೇಲಿತ್ತು. ಅದರಿಂದ ಹೆಸರುವಾಸಿಯಾದ ಎರಡು ಚಿತ್ರಗಳೂ ಹಿಂದಿಯಲ್ಲಿ ಬಂದವು.